ನಿಂಬೆಮರಕ್ಕೆ ಮೂರು ವರ್ಷ ಕೊಡಿ

ಮುಂಬಯಿಯ ಹೌಸಿಂಗ್ ಸೊಸೈಟಿಗಳಿಗೆ ಮರಗಳ ನೆನಪಾಗುವುದು ಮೇ ತಿಂಗಳಲ್ಲಿ. ಮಳೆಗೆ ಇನ್ನು ಮೂರು ವಾರ ಇದೆ ಎನ್ನುವಾಗ ವಾಟ್ಸಾಪ್ ಗುಂಪಿಗೆ ಫೋಟೋಗಳು ಬರತೊಡಗುತ್ತವೆ. ಈ ಕೊಂಬೆ ಕಿಟಕಿಗೆ ತಾಗುತ್ತಿದೆ, ಆ ಕೊಂಬೆ ಕಾರಿನ ಮೇಲೆ ಬಾಗಿದೆ. ಮುಂದಿನ ವಾರ ಟೆಂಪೋದಲ್ಲಿ ನಾಲ್ಕು ಜನ ಬರುತ್ತಾರೆ. ಕೈಯಲ್ಲಿ ಕೊಯ್ತಾ, ಹೆಗಲಲ್ಲಿ ಹಗ್ಗ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಗುಲ್‌ಮೊಹರ್, ಕಾಡುಬಾದಾಮಿ, ಅಶೋಕದ ಜತೆಗೆ ಕಾಂಪೌಂಡಿನ ಮೂಲೆಯ ನಿಂಬೆಮರಕ್ಕೂ ಅದೇ ಗತಿ. ನೆತ್ತಿ ಹಾರಿಸಿ, ಸುತ್ತಲೂ ಬೋಳಿಸಿ, ನಾಲ್ಕು ಮೋಟು ಉಳಿಸಿ ಹೋಗುತ್ತಾರೆ. ಚೊಕ್ಕ ಆಯಿತು ಎಂದು ಎಲ್ಲರಿಗೂ ಸಮಾಧಾನ.

ಈ ಚೊಕ್ಕತನದ ಬಗ್ಗೆ ನನ್ನ ತಕರಾರಿದೆ. ಹತ್ತು ವರ್ಷ ಯಾರೂ ಮುಟ್ಟದೆ ಪೊದೆಯಾದ ನಿಂಬೆಮರವನ್ನು ಸವರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೆಳಗಿನಲ್ಲಿ ಮುಗಿಸುವ ಕೆಲಸ ಅದಲ್ಲ. ಅದಕ್ಕೆ ಮೂರು ವರ್ಷ ಬೇಕು. ಆ ಕೆಲಸ ಮಾಡಬೇಕಾದವರೂ ಬೇರೆ. ಮರವನ್ನು ದಿನವೂ ನೋಡುವ ಮನೆಯವರೇ ಅದನ್ನು ಮಾಡಬೇಕು, ಇಲ್ಲವೇ ಪಕ್ಕದಲ್ಲಿ ನಿಂತು ಮಾಡಿಸಬೇಕು.

ಇದು ಹವ್ಯಾಸಿಗಳ ಚಿಂತೆ ಎಂದು ತಳ್ಳಿಹಾಕುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 2018ರ ಮರಗಣತಿಯ ಪ್ರಕಾರ ಮುಂಬಯಿಯಲ್ಲಿರುವ ಮರಗಳು ಸುಮಾರು 29.75 ಲಕ್ಷ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿ ಆವರಣಗಳಲ್ಲಿವೆ. ನಾವು ಪತ್ರಿಕೆಗಳಲ್ಲಿ ಓದಿ ಮರುಗುವ ರಸ್ತೆಬದಿಯ ಮರಗಳು ಎರಡು ಲಕ್ಷವೂ ಇಲ್ಲ. ಈ ನಗರದ ಹಸಿರು ಬಹುಪಾಲು ಕಾಂಪೌಂಡ್ ಗೋಡೆಗಳ ಒಳಗಿದೆ, ಸೊಸೈಟಿ ಕಮಿಟಿಗಳ ಕೈಯಲ್ಲಿದೆ. ನಿಂಬೆಮರವನ್ನು ಹೇಗೆ ಸವರಬೇಕು ಎಂಬುದನ್ನು ಕಲಿತ ಕಮಿಟಿ ದೊಡ್ಡ ಮರಗಳನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ ಎಂಬುದು ನನ್ನ ನಂಬಿಕೆ.

ಮುಂಬಯಿಯ ಸೊಸೈಟಿ ನೋಟಿಸುಗಳಲ್ಲಿ ಎಲ್ಲದಕ್ಕೂ ಒಂದೇ ಮಾತು: ಟ್ರಿಮ್ಮಿಂಗ್. ನಮ್ಮ ಊರುಗಳಲ್ಲಿ ಹಾಗಿಲ್ಲ. ಕಡಿಯುವುದು ಬೇರೆ, ಸವರುವುದು ಬೇರೆ, ಚಿವುಟುವುದು ಬೇರೆ. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ಚಾಟನಿ ಎನ್ನುತ್ತಾರೆ, ಅದಕ್ಕೆ ತಿಂಗಳು, ತಾರೀಕು ನೋಡಿಯೇ ಕೈ ಹಾಕುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರ ಸವರುವುದಕ್ಕೆ ಮರಗಸಿ ಎಂಬ ಪದವಿದೆ. ಕಾಫಿ ಗಿಡದ ಕಸಿ ಬೇರೆ, ನಡುವೆ ಬರುವ ಬೇಡದ ಚಿಗುರು ತೆಗೆಯುವುದು ಬೇರೆ. ಪ್ರತಿಯೊಂದಕ್ಕೂ ಬೇರೆ ಕಾಲ, ಬೇರೆ ಕತ್ತಿ. ಆ ತೋಟಗಳಲ್ಲಿ ಹುಟ್ಟಿ ಬೆಳೆದವರ ಮಕ್ಕಳೇ ಇವತ್ತು ಮಾಟುಂಗಾ, ಚೆಂಬೂರು, ಗೋರೆಗಾಂವ್, ಮುಲುಂಡ್, ಡೊಂಬಿವಲಿಯ ಕಮಿಟಿಗಳಲ್ಲಿ ಕೂತು ಮೇ ತಿಂಗಳ ಬಿಲ್ಲಿಗೆ ಸಹಿ ಹಾಕುತ್ತಾರೆ. ಮರದ ಭಾಷೆ ಗೊತ್ತಿದ್ದವರು ಅದನ್ನು ಲಿಫ್ಟಿನ ಹೊರಗೆ ಬಿಟ್ಟು ಬಂದಂತಾಗಿದೆ.

ನಿಂಬೆಮರ ಈ ಕಾಂಪೌಂಡುಗಳಿಗೆ ಬಂದದ್ದು ಹೇಗೆ? ಬಹಳ ಕಡೆ ಯಾರೂ ಯೋಜನೆ ಹಾಕಿ ನೆಟ್ಟದ್ದಲ್ಲ. ತಳಮಹಡಿಯ ಅಡುಗೆಮನೆಯ ಹಿಂದೆ ಬಿದ್ದ ಬೀಜ, ಇಲ್ಲವೇ ಊರಿನಿಂದ ಬಸ್ಸಿನಲ್ಲಿ ತಂದ ಸಸಿ. ತೆಳು ಸಿಪ್ಪೆಯ ಕಾಗಜಿ ನಿಂಬೆಯ ಬೀಜದಿಂದ ಬಂದ ಗಿಡಗಳು ಬಹುಮಟ್ಟಿಗೆ ತಾಯಿಮರದಂತೆಯೇ ಇರುತ್ತವೆ. ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಮೊಳಕೆ ಬರುವುದನ್ನು ನೀವೂ ನೋಡಿರಬಹುದು. ಹಾಗಾಗಿ ಬೀಜ ಬಿತ್ತಿದವರಿಗೆ ಮೋಸವಿಲ್ಲ. ಆದರೆ ಬೀಜದ ಗಿಡಕ್ಕೆ ಎರಡು ಗುಣಗಳಿವೆ. ಅದು ನೇರ ಮೇಲಕ್ಕೆ ಹೋಗುತ್ತದೆ, ಮೊದಲ ಕೆಲವು ವರ್ಷ ವಿಪರೀತ ಮುಳ್ಳು ಬಿಡುತ್ತದೆ. ಎರಡು ಕಟ್ಟಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಬೆಳಕು ಮೇಲೆ ಮಾತ್ರ ಇದ್ದರೆ ಅದು ಇನ್ನೂ ಎತ್ತರಕ್ಕೆ ಹೋಗುತ್ತದೆ. ಕಾಯಿಗಳೆಲ್ಲ ಎರಡನೆಯ ಮಹಡಿಯ ಗ್ರಿಲ್ಲಿನ ಹತ್ತಿರ, ಮುಳ್ಳುಗಳೆಲ್ಲ ತಳಮಹಡಿಯವರ ಪಾಲಿಗೆ.

ಅಲ್ಲಿಂದ ಜಗಳ ಶುರು. ನೆಟ್ಟವರಿಗೆ ಕಾಯಿ ಎಟುಕುವುದಿಲ್ಲ. ಎಟುಕುವವರು ನೆಟ್ಟವರಲ್ಲ. ಮೂರನೆಯವರಿಗೆ ಸೊಳ್ಳೆಯ ಭಯ, ನಾಲ್ಕನೆಯವರಿಗೆ ಪಾರ್ಕಿಂಗ್ ಜಾಗದ ಆಸೆ. ನಿಂಬೆ ಅಗ್ಗವಾಗಿದ್ದಾಗ ಯಾರಿಗೂ ಬೇಡವಾದ ಮರ, 2022ರ ಏಪ್ರಿಲಿನಂತೆ ಪೇಟೆಯಲ್ಲಿ ಒಂದು ಹಣ್ಣಿಗೆ ಹತ್ತು ರೂಪಾಯಿ ದಾಟಿದಾಗ ಎಲ್ಲರದೂ ಆಗುತ್ತದೆ. ಎಲ್ಲರಿಗೂ ಸೇರಿದ ಮರವನ್ನು ನೋಡಿಕೊಳ್ಳುವ ಹೊಣೆ ಯಾರಿಗೂ ಇರುವುದಿಲ್ಲ. ಪೊದೆಯಾಗುವುದು ಮರದ ದೋಷವಲ್ಲ. ಪ್ರತಿ ವರ್ಷ ಹದಿನೈದು ನಿಮಿಷ ಕೊಡಬೇಕಾಗಿದ್ದ ಕಡೆ ಯಾರೂ ಕೊಡದೆ ಉಳಿದ ನಿಮಿಷಗಳ ಮೊತ್ತ ಅದು.

ಈಗ ಬೋಳಿಸಿದರೆ ಆಗುವುದೇನು ಎಂದು ನೋಡೋಣ. ನಿಂಬೆ ಜಾತಿಯ ಮರಗಳು ಎಲೆ ಉದುರಿಸಿ ವಿಶ್ರಾಂತಿ ತೆಗೆದುಕೊಳ್ಳುವ ಮರಗಳಲ್ಲ. ವರ್ಷವಿಡೀ ಹಸಿರು. ಎಲೆ ಉದುರಿಸುವ ಮರಗಳು ಆಹಾರವನ್ನು ಬೇರು, ಕಾಂಡಗಳಿಗೆ ಇಳಿಸಿಟ್ಟುಕೊಂಡು ಮಲಗುತ್ತವೆ. ನಿಂಬೆಯ ದಾಸ್ತಾನಿನ ದೊಡ್ಡ ಪಾಲು ಎಲೆಗಳಲ್ಲಿ, ಎಳೆಯ ಕೊಂಬೆಗಳಲ್ಲಿಯೇ ಇರುತ್ತದೆ. ಮುಕ್ಕಾಲು ಭಾಗ ಎಲೆ ತೆಗೆದರೆ ಮನೆಯ ಅಕ್ಕಿ ಡಬ್ಬವನ್ನೇ ಹೊರಗೆ ಚೆಲ್ಲಿದಂತೆ. ಎರಡನೆಯದು ಬಿಸಿಲು. ನಿಂಬೆಯ ತೊಗಟೆ ತೆಳು. ವರ್ಷಗಟ್ಟಲೆ ನೆರಳಿನಲ್ಲಿದ್ದ ಒಳಕೊಂಬೆಗೆ ಮೇ ತಿಂಗಳ ಬಿಸಿಲು ನೇರ ಬಿದ್ದರೆ ತೊಗಟೆ ಸುಟ್ಟು ಸೀಳುತ್ತದೆ, ಆ ಸೀಳಿನಲ್ಲಿ ಶಿಲೀಂಧ್ರ, ಕಾಂಡಕೊರಕ ಹುಳು ಸೇರಿಕೊಳ್ಳುತ್ತವೆ. ಮೂರು ವಾರಕ್ಕೆ ಮಳೆ ಬರುತ್ತದೆ. ಗಾಯ ಹಸಿಯಾಗಿರುವಾಗಲೇ ನೀರು.

ಮೂರನೆಯದು ಎಲ್ಲರೂ ತಪ್ಪಾಗಿ ಓದುವ ಸಂಗತಿ. ಬೋಳಿಸಿದ ಎರಡು ತಿಂಗಳಿಗೆ ಮೋಟುಗಳ ಸುತ್ತ ಉದ್ದುದ್ದ ಚಿಗುರು ಒಡೆಯುತ್ತದೆ, ದೊಡ್ಡ ದೊಡ್ಡ ಎಲೆ, ಕಡು ಹಸಿರು. 'ನೋಡಿ, ಕಡಿದ ಮೇಲೆ ಎಷ್ಟು ಚೆನ್ನಾಗಿ ಬಂತು' ಎಂದು ಸೆಕ್ರೆಟರಿ ತೋರಿಸುತ್ತಾರೆ. ಬೆಳೆಗಾರರು ಅದನ್ನು ವಾಟರ್ ಶೂಟ್ ಎನ್ನುತ್ತಾರೆ. ನೇರ ಮೇಲಕ್ಕೆ ಓಡುವ, ಮುಳ್ಳು ತುಂಬಿದ, ಒಂದೆರಡು ವರ್ಷ ಕಾಯಿ ಬಿಡದ ಚಿಗುರು ಅದು. ಗಾಬರಿಗೊಂಡ ಮರ ಕಳೆದುಕೊಂಡ ಎಲೆಯನ್ನು ಹೇಗಾದರೂ ಮತ್ತೆ ಗಳಿಸಲು ಹೊರಟಿದೆ ಎಂದು ಅರ್ಥ. ಆ ಎಳೆ ಎಲೆಗಳೇ ಎಲೆಯೊಳಗೆ ಬೆಳ್ಳಿಗೆರೆ ಎಳೆಯುವ ಸುರಂಗ ಹುಳುವಿಗೆ ಹಬ್ಬ. ಮರುವರ್ಷದ ಮೇ ತಿಂಗಳಿಗೆ ಮರ ಹಿಂದಿಗಿಂತ ದಟ್ಟ, ಹಿಂದಿಗಿಂತ ಮುಳ್ಳು. ಮತ್ತೆ ಟೆಂಪೋ. ಕಾಯಿ ಯಾಕೆ ಬಿಡುತ್ತಿಲ್ಲ ಎಂದು ಕೇಳುವವರಿಗೆ ಉತ್ತರ ಆ ಬಿಲ್ಲುಗಳಲ್ಲಿದೆ.

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಹಳೆಯ ಗಾಯಗಳ ಒಳಗೆ ಏನಾಗಿದೆ ಎಂದು ನೋಡಿದರು. ಅವರು ಕಂಡುಕೊಂಡದ್ದನ್ನು ಸರಳವಾಗಿ ಹೇಳುವುದಾದರೆ, ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರ ಆ ಭಾಗದ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ, ಅದರ ಮೇಲೆ ಹೊಸ ಮರ ಬೆಳೆಸುತ್ತದೆ. ಇಪ್ಪತ್ತು ವರ್ಷದ ಹಿಂದಿನ ಕೊಯ್ತಾದ ಏಟು ಇವತ್ತಿಗೂ ಒಳಗಿರುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಸ್ವಲ್ಪ ಉಬ್ಬಿರುತ್ತದಲ್ಲ, ಆ ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿ. ಆ ಉಬ್ಬಿನ ಹೊರಗೆ, ಅದಕ್ಕೆ ತಾಗಿದಂತೆ ಕತ್ತರಿಸಿದರೆ ಗಾಯ ಬೇಗ ಮುಚ್ಚುತ್ತದೆ. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಪಾಟಾಗಿ ಕತ್ತರಿಸಿದರೆ ಕೊಳೆ ಒಳಗಿಳಿಯುತ್ತದೆ. ಗೇಣುದ್ದ ಮೋಟು ಬಿಟ್ಟರೆ ಆ ಮೋಟು ಒಣಗಿ, ಕೊಳೆತು, ಅದೇ ದಾರಿಯಾಗುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಕೆಲಸ ಬಂದಂತೆ.

ಇನ್ನು ಮೂರು ವರ್ಷದ ಲೆಕ್ಕ.

ಮೊದಲ ವರ್ಷ ಎತ್ತರವನ್ನು ಮುಟ್ಟಬೇಡಿ. ಒಣಕೊಂಬೆಗಳನ್ನು ಮಾತ್ರ ತೆಗೆಯಿರಿ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಸತ್ತಿದೆ. ಹತ್ತು ವರ್ಷ ಮುಟ್ಟದ ಮರದ ಒಳಗೆ ಇಂಥ ಒಣ ಕಡ್ಡಿ ಒಂದು ಗೋಣಿಚೀಲ ಸಿಗುತ್ತದೆ. ಬರೀ ಅದನ್ನು ತೆಗೆದರೇ ಮರದೊಳಗೆ ಗಾಳಿಯಾಡುತ್ತದೆ, ಸೊಳ್ಳೆಯ ದೂರು ಅರ್ಧ ಕಡಿಮೆಯಾಗುತ್ತದೆ. ಆಮೇಲೆ ಬುಡ. ನರ್ಸರಿಯಿಂದ ತಂದ ಮೋಸಂಬಿಯೋ ಕಸಿ ಗಿಡವೋ ಆಗಿದ್ದರೆ ಕಸಿಯ ಗಂಟಿನ ಕೆಳಗಿನಿಂದ ಬಂದ ಚಿಗುರು ನೀವು ದುಡ್ಡು ಕೊಟ್ಟ ಗಿಡದ್ದಲ್ಲ. ಅದು ಜಂಬೇರಿಯದೋ ರಂಗಪುರ ನಿಂಬೆಯದೋ ಬೇರುಗಿಡದ ಚಿಗುರು. ಬಿಟ್ಟರೆ ಮೇಲಿನ ಗಿಡವನ್ನೇ ನುಂಗುತ್ತದೆ. ಕೊನೆಗೆ ನೆಲಕ್ಕೆ ತಾಗುವ ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಎತ್ತಿ. ಮಳೆಹನಿ ಮಣ್ಣಿಗೆ ಬಡಿದು ಎಲೆಗೆ ಸಿಡಿಯುವಾಗ ಕಾಂಡದಲ್ಲಿ ಅಂಟು ಸೋರಿಸುವ ಕೊಳೆರೋಗವೂ ಜತೆಗೆ ಏರುತ್ತದೆ.

ಎರಡನೆಯ ವರ್ಷ ಬೆಳಕಿನ ಕೆಲಸ. ಒಂದಕ್ಕೊಂದು ಉಜ್ಜುವ ಎರಡು ಕೊಂಬೆಗಳಲ್ಲಿ ಒಂದು, ಒಳಮುಖವಾಗಿ ತಿರುಗಿದ ಕೊಂಬೆ, ನಡುವೆ ನೆಟ್ಟಗೆ ನಿಂತ ವಾಟರ್ ಶೂಟು. ಇವುಗಳನ್ನು ಬುಡದಿಂದಲೇ ತೆಗೆಯಿರಿ, ಅರ್ಧಕ್ಕೆ ಕತ್ತರಿಸಿದರೆ ಒಂದಕ್ಕೆ ನಾಲ್ಕಾಗುತ್ತವೆ. ಮರದ ಕೆಳಗೆ ನಿಂತು ಮೇಲೆ ನೋಡಿದಾಗ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಬಿದ್ದರೆ ಸಾಕು. ಬಿಸಿಲಿನ ಚಾಪೆ ಬಿದ್ದರೆ ಹೆಚ್ಚಾಯಿತು.

ಮೂರನೆಯ ವರ್ಷ ಎತ್ತರ. ಅತಿ ಎತ್ತರದ ಎರಡೋ ಮೂರೋ ಕೊಂಬೆಗಳನ್ನು ಆರಿಸಿ, ಪ್ರತಿಯೊಂದನ್ನೂ ಕೆಳಗಿನ ಒಂದು ಪಕ್ಕದ ಕೊಂಬೆಯವರೆಗೆ ಇಳಿಸಿ. ಆ ಪಕ್ಕದ ಕೊಂಬೆ, ತೆಗೆಯುವ ಕೊಂಬೆಯ ಮೂರನೆಯ ಒಂದು ಪಾಲಾದರೂ ದಪ್ಪವಿರಬೇಕು. ಆಗ ರಸ ಹರಿಯಲು ಅದಕ್ಕೊಂದು ದಾರಿ ಇರುತ್ತದೆ, ಗಾಬರಿಯ ಚಿಗುರು ಕಡಿಮೆ. ದಪ್ಪ ಕೊಂಬೆಯನ್ನು ಮೂರು ಗೀಟಿನಲ್ಲಿ ಇಳಿಸಬೇಕು. ಮೊದಲು ಕಾಂಡದಿಂದ ಒಂದು ಗೇಣು ಆಚೆ ಕೆಳಗಿನಿಂದ ಸ್ವಲ್ಪ, ಆಮೇಲೆ ಅದರಾಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹೊರಗೆ. ಇಲ್ಲದಿದ್ದರೆ ಬೀಳುವ ಕೊಂಬೆಯ ಭಾರಕ್ಕೆ ಕಾಂಡದ ತೊಗಟೆ ಉದ್ದಕ್ಕೆ ಸುಲಿದು ಬರುತ್ತದೆ. ಯಾವ ವರ್ಷವೂ ಎಲೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹೊಸದಾಗಿ ಬಿಸಿಲಿಗೆ ಬಿದ್ದ ಕೊಂಬೆಗೆ ತೆಳುವಾಗಿ ಸುಣ್ಣ ಬಳಿಯಿರಿ. ಸವರಿದ ವಾರವೇ ಯೂರಿಯಾ ಹಾಕಬೇಡಿ, ಮರಕ್ಕೆ ಇನ್ನಷ್ಟು ಚಿಗುರುವ ಆತುರ ಬೇಡ.

ಇದಕ್ಕೆಲ್ಲ ಬೇಕಾದದ್ದು ಒಂದು ಮಡಚುವ ಗರಗಸ, ಒಂದು ಕೊಂಬೆ ಕತ್ತರಿ, ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ. ಕೊಯ್ತಾ ಬೇಡ. ಅದು ಸೀಳುತ್ತದೆ, ಗರಗಸ ಕೊಯ್ಯುತ್ತದೆ. ಏಣಿ ಹತ್ತದೆ ಎಟುಕದ್ದನ್ನು ಹಣ ಕೊಟ್ಟು ಮಾಡಿಸಿ, ತಪ್ಪಿಲ್ಲ. ಆದರೆ ತೆಗೆಯಬೇಕಾದ ಕೊಂಬೆಗೆ ಹಿಂದಿನ ದಿನವೇ ಬಣ್ಣದ ದಾರ ಕಟ್ಟಿಡಿ. ದಾರ ಕಟ್ಟಿದ್ದನ್ನು ಮಾತ್ರ ತೆಗೆಯಬೇಕು ಎಂದು ಹೇಳಿ ಪಕ್ಕದಲ್ಲಿ ನಿಲ್ಲಿ. ಕೆಲಸಕ್ಕೆ ಬಂದವರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ನಾವು ಕೊಟ್ಟಿರುವ ಗುತ್ತಿಗೆಯೇ 'ಬೇಗ ಮುಗಿಸಿ, ಮುಂದಿನ ವರ್ಷದವರೆಗೆ ಮತ್ತೆ ಕರೆಯುವ ಹಾಗಾಗಬಾರದು' ಎಂದು.

ಕಾಲ ಯಾವುದು? ಈ ವಿಷಯದಲ್ಲಿ ಮಹಾರಾಷ್ಟ್ರದ ಬೆಳೆಗಾರರ ಲೆಕ್ಕ ನಮಗೆ ಚೆನ್ನಾಗಿ ಹೊಂದುತ್ತದೆ. ನಿಂಬೆ ಜಾತಿಯ ಹೂವಿಗೆ ಅವರು ಮೂರು ಬಹಾರ ಎನ್ನುತ್ತಾರೆ. ಮಾವಿನ ಹೂವಿನ ಹೊತ್ತಿಗೆ ಜನವರಿ, ಫೆಬ್ರವರಿಯಲ್ಲಿ ಬರುವುದು ಆಂಬೆ ಬಹಾರ, ಮೃಗಶಿರ ಮಳೆಯ ಜೂನ್, ಜುಲೈಯಲ್ಲಿ ಮೃಗ ಬಹಾರ, ಹಸ್ತ ಮಳೆಯ ಸುತ್ತ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಸ್ತ ಬಹಾರ. ನಕ್ಷತ್ರದ ಹೆಸರಿನಲ್ಲಿ ಮಳೆ ಎಣಿಸುವ ನಮಗೆ ಇದು ನೆನಪಿಡಲು ಸುಲಭ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಮೃಗ ಬಹಾರದ ಕಾಯಿ ಕಿತ್ತ ಮೇಲೆ, ಆಂಬೆ ಬಹಾರದ ಚಿಗುರು ಒಡೆಯುವ ಮೊದಲು, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಮುಂಬಯಿಯಲ್ಲಿ ಸವರಲು ಒಳ್ಳೆಯ ಕಾಲ. ಗಾಳಿ ಒಣ, ಬಿಸಿಲು ಮೃದು, ಗಾಯಕ್ಕೆ ಮಳೆಯ ಮೊದಲು ಐದು ತಿಂಗಳ ಸಮಯ. ಮಳೆಗಾಲದಲ್ಲಿ ಹಸಿಕೊಂಬೆಗೆ ಕತ್ತರಿ ಹಾಕಲೇಬಾರದು. ಎಲೆ, ಕಾಯಿಗಳ ಮೇಲೆ ಒರಟು ಕಂದು ಚುಕ್ಕೆ ಮೂಡಿಸುವ ಕಜ್ಜಿರೋಗ ಮಳೆಹನಿ, ಗಾಳಿ ಮತ್ತು ಹಸಿಗಾಯದ ಮೂಲಕವೇ ಹರಡುತ್ತದೆ. ರೋಗವಿರುವ ಮರಕ್ಕೆ ಬಳಸಿದ ಗರಗಸವನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಇನ್ನೊಂದಕ್ಕೆ ಮುಟ್ಟಿಸಬಾರದು.

ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚುವುದು ನಮ್ಮ ಕಡೆಯ ರೂಢಿ. ಗಾಯಕ್ಕೆ ಹಚ್ಚುವ ಬಣ್ಣ, ಡಾಂಬರು ಕೊಳೆಯನ್ನು ತಡೆಯುವುದಿಲ್ಲ ಎಂದು ಶೈಗೊ ಹೇಳಿದ್ದು ನಿಜ. ಆದರೆ ಇಲ್ಲಿನ ತೇವದಲ್ಲಿ, ನಿಂಬೆಯ ರೋಗಗಳ ನಡುವೆ, ತಾಮ್ರದ ಒಂದು ಲೇಪ ಇರಲಿ ಎನ್ನುವವರ ಕಡೆಗೆ ನಾನು. ನೂರು ಗ್ರಾಂ ಮೈಲುತುತ್ತು, ನೂರು ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಅಡಿಕೆ ತೋಟದ ಮನೆಗಳಿಂದ ಬಂದವರಿಗೆ ಇದರ ನೀಲಿ ಬಣ್ಣ ಹೊಸದಲ್ಲ.

ಈಗ ಕಾನೂನಿನ ಮಾತು. ಮುಂಬಯಿ, ಠಾಣೆ, ಕಲ್ಯಾಣ-ಡೊಂಬಿವಲಿಯಂಥ ನಗರಗಳಿಗೆ ಅನ್ವಯಿಸುವುದು ಮಹಾರಾಷ್ಟ್ರದ ನಗರ ಪ್ರದೇಶಗಳ ಮರ ಸಂರಕ್ಷಣೆಯ 1975ರ ಕಾಯಿದೆ. ಅದರ ಪ್ರಕಾರ ಮರ ಕಡಿಯುವುದು ಎಂದರೆ ಬುಡ ಉರುಳಿಸುವುದು ಮಾತ್ರವಲ್ಲ, ಸುಡುವುದು ಮತ್ತು ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಅದರಲ್ಲಿ ಸೇರುತ್ತದೆ. ಸೊಸೈಟಿಯ ಒಳಗಿನ ಮರವನ್ನು ಸವರಲೂ ವಾರ್ಡ್ ಕಚೇರಿಯ ಉದ್ಯಾನ ವಿಭಾಗದಿಂದ ಅನುಮತಿ ಪಡೆಯಬೇಕು. ಈ ಕಾಯಿದೆ ಬೇಕು. ಅದಿಲ್ಲದಿದ್ದರೆ ಈ ನಗರದಲ್ಲಿ ಪಾರ್ಕಿಂಗ್ ಮಾತ್ರ ಉಳಿಯುತ್ತಿತ್ತು. ಆದರೆ ಅದರ ಬಳಕೆಯಲ್ಲಿ ಒಂದು ವಿಪರ್ಯಾಸವಿದೆ. ಬೆರಳು ದಪ್ಪದ ಕಡ್ಡಿಗೂ ತೊಡೆ ದಪ್ಪದ ಕೊಂಬೆಗೂ ಒಂದೇ ಬಗೆಯ ಅರ್ಜಿ ಎಂದಾದಾಗ ಜನ ಕಡ್ಡಿಗೆ ಅರ್ಜಿ ಹಾಕುವುದಿಲ್ಲ. ಕಡ್ಡಿ ಕೊಂಬೆಯಾಗಲಿ, ಕೊಂಬೆ ಅಪಾಯವಾಗಲಿ ಎಂದು ಕಾಯುತ್ತಾರೆ, ಆಮೇಲೆ ಒಂದೇ ಅನುಮತಿಯಲ್ಲಿ ಎಲ್ಲವನ್ನೂ ತೆಗೆಸುತ್ತಾರೆ. ಸಣ್ಣ ಆರೈಕೆಯನ್ನು ಕಷ್ಟವಾಗಿಸಿ ದೊಡ್ಡ ಹಾನಿಯನ್ನು ಸುಲಭವಾಗಿಸುವುದು ಕಾಯಿದೆಯ ಉದ್ದೇಶವಾಗಿರಲಾರದು. ಸೊಸೈಟಿಯೊಂದು ತನ್ನ ಎಲ್ಲ ಮರಗಳಿಗೆ ಮೂರು ವರ್ಷದ ಯೋಜನೆ ಕೊಟ್ಟು ಒಂದೇ ಸಲ ಅನುಮತಿ ಪಡೆಯುವಂತಾಗಬೇಕು. ತೆಗೆಯಬಹುದಾದ ಕೊಂಬೆಯ ದಪ್ಪಕ್ಕೆ ಒಂದು ಮಿತಿ ಬರೆದಿರಬೇಕು. ಆ ಮಿತಿ ಮೀರಿದವರಿಗೆ ದಂಡವಿರಲಿ.

ಎದುರಾಳಿಗಳ ಮಾತಿನಲ್ಲೂ ಹುರುಳಿದೆ. 2017ರ ಜುಲೈನಲ್ಲಿ ಚೆಂಬೂರಿನಲ್ಲಿ ತೆಂಗಿನ ಮರ ಬಿದ್ದು ದಾರಿಯಲ್ಲಿ ಹೋಗುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬೀಸಿದ ದಿನ ನಗರದಲ್ಲಿ ನೂರಾರು ಮರಗಳು ಉರುಳಿದವು. ಅದನ್ನು ನೋಡಿದ ಕಮಿಟಿಯವರು ಮರ ಎಂದರೆ ಹೆದರುವುದು ಸಹಜ. ಆದರೆ ಹೆದರಿಕೆಗೂ ವಿವೇಚನೆ ಬೇಕು. ಹದಿನೈದು ಅಡಿಯ ನಿಂಬೆಮರ ಯಾರ ಮೇಲೂ ಬಿದ್ದು ಕೊಲ್ಲುವುದಿಲ್ಲ. ದೊಡ್ಡ ಮರದಲ್ಲಿ ಕೂಡ ಒಂದೇ ಬದಿಯ ಕೊಂಬೆ ಬೋಳಿಸುವುದು, ಬುಡಕ್ಕೆ ಸಿಮೆಂಟು ಮೆತ್ತುವುದು, ಬೇರು ಕತ್ತರಿಸಿ ಪೈಪು ಹಾಕುವುದು ಅಪಾಯವನ್ನು ಹೆಚ್ಚಿಸುತ್ತವೆ. ತೂಕ ತಪ್ಪಿದ ಮರವೇ ಗಾಳಿಗೆ ಮೊದಲು ವಾಲುವುದು.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣ. ನಮ್ಮ ಕಟ್ಟಡ ಇನ್ನೆರಡು ವರ್ಷದಲ್ಲಿ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಮೂರು ವರ್ಷದ ಯೋಜನೆ ಯಾರಿಗೆ ಎಂದು ಕೇಳುತ್ತಾರೆ. ಹಳೆಯ ಮೂರು ಮಹಡಿಯ ಕಟ್ಟಡಗಳು ಒಂದೊಂದಾಗಿ ಬೀಳುತ್ತಿರುವ ಉಪನಗರಗಳಲ್ಲಿ ಇದು ಸುಳ್ಳು ನೆಪವಲ್ಲ. ಇದಕ್ಕೆ ಮರವೇ ಒಂದು ಉತ್ತರ ಕೊಡುತ್ತದೆ. ನಿಂಬೆಗೆ ಗೂಟಿ ಕಟ್ಟಬಹುದು. ಜೂನ್, ಜುಲೈಯಲ್ಲಿ ಪೆನ್ಸಿಲ್ ದಪ್ಪದ ಕೊಂಬೆಯಿಂದ ಒಂದು ಅಂಗುಲ ತೊಗಟೆಯನ್ನು ಉಂಗುರದಂತೆ ಬಿಡಿಸಿ, ಒದ್ದೆ ತೆಂಗಿನ ನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಾಗಿ ಕಟ್ಟಿದರೆ ಸುಮಾರು ಎರಡು ತಿಂಗಳಲ್ಲಿ ಬೇರು ಕಾಣುತ್ತದೆ. ಹೇಗೂ ತೆಗೆಯಬೇಕಾದ ಕೊಂಬೆಗಳನ್ನೇ ಇದಕ್ಕೆ ಆರಿಸಬಹುದು. ಡಿಸೆಂಬರಿನಲ್ಲಿ ಆ ಮರದ್ದೇ ನಾಲ್ಕು ಗಿಡ ಕುಂಡದಲ್ಲಿರುತ್ತವೆ. ಕಟ್ಟಡ ಬಿದ್ದರೂ, ಬಾಡಿಗೆ ಮನೆಗೆ ಹೋದರೂ, ಆ ಮರ ಒಬ್ಬರಲ್ಲ ಒಬ್ಬರ ಬಾಲ್ಕನಿಯಲ್ಲಿ ಉಳಿಯುತ್ತದೆ. ಬೋಳಿಸಿದ ಮರದಲ್ಲಿ ಗೂಟಿ ಕಟ್ಟಲು ಕೊಂಬೆಯೇ ಇರುವುದಿಲ್ಲ.

ಸವರುವ ಮುನ್ನ ಐದು ನಿಮಿಷ ಸುಮ್ಮನೆ ನಿಂತು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಎಲೆಗಳನ್ನು ನಾರಿನಿಂದ ಹೊಲಿದು ಸಿಂಪಿಗ ಹಕ್ಕಿ ಗೂಡು ಮಾಡಿರಬಹುದು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳುವಾಗಿರಬಹುದು. ನಾಲ್ಕು ಎಲೆ ತಿಂದು ಹಾರಿಹೋಗುವ ಅದಕ್ಕೆ ದೊಡ್ಡ ಮರದಲ್ಲಿ ಔಷಧಿ ಬೇಕಿಲ್ಲ. ನೋಡದೆ ಕತ್ತರಿಸುವುದಕ್ಕೂ ನೋಡಿ ಕತ್ತರಿಸುವುದಕ್ಕೂ ಇರುವ ವ್ಯತ್ಯಾಸವೇ ಈ ಲೇಖನದ ಒಟ್ಟು ಸಾರ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳ ವಿಷಯಕ್ಕೆ ಬಳಸುತ್ತೇವೆ. ಮರದ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಮರವಾದ ಮೇಲೂ ಬಗ್ಗುತ್ತದೆ, ನಿಧಾನಕ್ಕೆ ಕೇಳಿಕೊಂಡರೆ. ಮಹಾರಾಷ್ಟ್ರದಲ್ಲಿ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಈ ಸಲದ ಸಭೆಯಲ್ಲಿ ಲಿಫ್ಟು, ನೀರಿನ ಟ್ಯಾಂಕು, ಪಾರ್ಕಿಂಗುಗಳ ನಂತರ ಒಂದು ಸಾಲು ಸೇರಿಸಿ: ಆವರಣದ ಮರಗಳು, ಮೂರು ವರ್ಷದ ಯೋಜನೆ, ಹೊಣೆ ಇಂಥವರದು. ಅಕ್ಟೋಬರಿನಲ್ಲಿ ಫೋಟೋ ಸಮೇತ ವಾರ್ಡ್ ಕಚೇರಿಗೆ ಅರ್ಜಿ ಹೋಗಲಿ. ಡಿಸೆಂಬರಿನ ಒಂದು ಭಾನುವಾರ, ಕಾಯಿ ಬೇಕೆನ್ನುವವರೂ ಮುಳ್ಳು ಬೇಡವೆನ್ನುವವರೂ ಒಟ್ಟಿಗೆ ಕೆಳಗಿಳಿಯಲಿ. ಮೇ ತಿಂಗಳಲ್ಲಿ ಟೆಂಪೋ ಬಂದಾಗ, ನಿಂಬೆಮರದಲ್ಲಿ ಮಾಡುವ ಕೆಲಸ ಏನೂ ಉಳಿದಿರುವುದಿಲ್ಲ.